ತೇಲುವ ಬ್ಯಾಟರಿ

ತಾಮ್ರದ ತಂತಿಯ ಟೆಲಿಫೋನು ಮನೆಗಳಲ್ಲಿ ಗಣಗಣ ಎನ್ನುತ್ತಿದ್ದ ಕಾಲವನ್ನು ಕಂಡವರಿಗೆ ಒಂದು ಸಂಗತಿ ನೆನಪಿದ್ದೀತು. ಆಷಾಢದ ಗಾಳಿಗೆ ಎಲ್ಲಿಯೋ ಒಂದು ಮರ ಉರುಳಿ ಊರಿಗೆ ಊರೇ ಕತ್ತಲಲ್ಲಿ ಮುಳುಗಿದೆ. ಬೀದಿಯ ದೀಪಗಳಿಲ್ಲ, ರೇಡಿಯೋ ಮೂಕವಾಗಿದೆ, ಹಿಟ್ಟಿನ ಗಿರಣಿ ನಿಂತಿದೆ. ಅಂಥ ಹೊತ್ತಿನಲ್ಲಿಯೂ ಟೆಲಿಫೋನನ್ನು ಎತ್ತಿ ಕಿವಿಗೆ ಹಿಡಿದರೆ ಅದು ಎಂದಿನಂತೆ ಗುಂಯ್‌ಗುಡುತ್ತಿತ್ತು. 1974ರಲ್ಲಿ ನಾನು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ತಾಯಿ ಕೇಳಿದ ಮೊದಲ ಪ್ರಶ್ನೆಯೇ ಇದು: "ಕರೆಂಟು ಹೋದ್ರೂ ಫೋನು ಹೋಗಲ್ವಲ್ಲ, ಅದಕ್ಕೆ ಕರೆಂಟು ಎಲ್ಲಿಂದ ಬರುತ್ತೋ?" ಆಗ ಉತ್ತರ ನನಗೂ ತಿಳಿದಿರಲಿಲ್ಲ. ತಿಳಿದದ್ದು ಕೆಲಸಕ್ಕೆ ಸೇರಿದ ಮೂರನೆಯ ದಿನ, ಕಟ್ಟಡದ ಹಿಂಭಾಗದ ಒಂದು ಕೊಠಡಿಯ ಬಾಗಿಲು ತೆರೆದಾಗ.

ಆ ಕೊಠಡಿಯ ಗಾಳಿಗೆ ಒಂದು ಬಗೆಯ ಹುಳಿ ವಾಸನೆ. ಮರದ ಹಲಗೆಗಳ ಮೇಲೆ ಎರಡು ಸಾಲಾಗಿ ಇಪ್ಪತ್ತನಾಲ್ಕು ಗಾಜಿನ ತೊಟ್ಟಿಗಳು. ಪ್ರತಿಯೊಂದರಲ್ಲಿಯೂ ನೀರು ಬೆರೆಸಿದ ಗಂಧಕಾಮ್ಲ. ಅದರೊಳಗೆ ಒತ್ತಾಗಿ ನಿಂತ ಸೀಸದ ಫಲಕಗಳು, ಒಂದು ಕಂದು, ಒಂದು ಬೂದು, ಮತ್ತೆ ಒಂದು ಕಂದು. ನಮ್ಮ ಹಿರಿಯ ಮೆಕ್ಯಾನಿಕರು ರಬ್ಬರಿನ ಮುಂಗವಸು ತೊಟ್ಟು ಅವುಗಳ ನಡುವೆ ಓಡಾಡುತ್ತಿದ್ದರು. ಅವರನ್ನು ನಾವೆಲ್ಲ ಮೇಷ್ಟ್ರೆಂದೇ ಕರೆಯುತ್ತಿದ್ದೆವು. ಜೇಬಿನಲ್ಲಿ ಬೆಂಕಿಪೊಟ್ಟಣವಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ನನ್ನನ್ನು ಒಳಕ್ಕೆ ಬಿಟ್ಟರು. ನಾನು ಕೇಳಿದೆ: "ಈಗ ಕರೆಂಟಿದೆಯಲ್ಲ ಮೇಷ್ಟ್ರೇ, ಈಗ ಇವೇನು ಮಾಡುತ್ತಿವೆ?" ಅವರು ಒಂದು ತೊಟ್ಟಿಯ ಗಾಜನ್ನು ಬಟ್ಟೆಯಿಂದ ಒರೆಸುತ್ತ, "ತೇಲ್ತಾ ಇವೆ ಕಣಯ್ಯ" ಎಂದರು.

ಆ ಒಂದು ಮಾತನ್ನು ಅರ್ಥಮಾಡಿಕೊಳ್ಳಲು ನನಗೆ ನಲವತ್ತು ವರ್ಷಗಳು ಹಿಡಿದವು. ಅದರ ಕಥೆಯನ್ನೇ ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಒಂದು ವಿದ್ಯುತ್ ಮಂಡಲ ಸದಾ ನಡೆಯುತ್ತಿರಬೇಕು. ಅದರ ಪಕ್ಕದಲ್ಲಿ ಆಪತ್ತಿಗೆಂದು ಒಂದು ಸೀಸದ ಬ್ಯಾಟರಿ ಇರಬೇಕು. ಒಂದೇ ಮೂಲದಿಂದ ಬರುವ ವಿದ್ಯುತ್ತು ಮಂಡಲವನ್ನೂ ನಡೆಸಬೇಕು, ಬ್ಯಾಟರಿಯನ್ನೂ ತುಂಬಿಸಬೇಕು. ಹೇಳಲು ಇಷ್ಟು ಸುಲಭ. ಈ ಸುಲಭದಲ್ಲಿ ಒಂದು ತೊಡಕಿದೆ. ಅದನ್ನು ತಿಳಿಯದೆ ನಾನು ಒಂದು ರಾತ್ರಿ ನನ್ನ ತಂದೆಯನ್ನು ಕತ್ತಲಲ್ಲಿ ಒಬ್ಬಂಟಿಯಾಗಿ ಬಿಟ್ಟೆ.

ಮೊದಲಿಗೆ ಈ ಸೀಸದ ಬ್ಯಾಟರಿಯ ಪೂರ್ವೋತ್ತರವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇದನ್ನು 1859ರಲ್ಲಿ ನಿರ್ಮಿಸಿದವನು ಗ್ಯಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ಭೌತವಿಜ್ಞಾನಿ. ಎರಡು ಸೀಸದ ತಗಡುಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿಸಿದ. ಪ್ರವಾಹವನ್ನು ಅದಕ್ಕೆ ಕೊಟ್ಟರೆ ತೆಗೆದುಕೊಂಡು ಇಟ್ಟುಕೊಳ್ಳುತ್ತಿತ್ತು, ಕೇಳಿದಾಗ ಹಿಂದಕ್ಕೆ ಕೊಡುತ್ತಿತ್ತು. ತಮಾಷೆಯೆಂದರೆ ಅದನ್ನು ತುಂಬಲು ತಕ್ಕ ಡೈನಮೋ ಆಗ ಬಳಕೆಗೆ ಬಂದಿರಲಿಲ್ಲ. ಇನ್ನೊಂದು ಬಗೆಯ ರಾಸಾಯನಿಕ ಕೋಶಗಳಿಂದಲೇ ಇದನ್ನು ತುಂಬಬೇಕಾಗಿತ್ತು. 1881ರಲ್ಲಿ ಕಮೀಯ್ ಫೋರ್ ಎಂಬಾತ ಸೀಸದ ಆಕ್ಸೈಡಿನ ಲೇಪವನ್ನು ಫಲಕಗಳಿಗೆ ಮೆತ್ತುವ ಉಪಾಯವನ್ನು ಕಂಡುಹಿಡಿದ ಮೇಲೆ ಬ್ಯಾಟರಿ ಕಾರ್ಖಾನೆಯ ಸರಕಾಯಿತು. ಮರುವರ್ಷ, 1882ರಲ್ಲಿ, ಗ್ಲ್ಯಾಡ್‌ಸ್ಟನ್ ಮತ್ತು ಟ್ರೈಬ್ ಎಂಬ ಇಬ್ಬರು ಅದರ ಒಳಗುಟ್ಟನ್ನು ಬಿಡಿಸಿದರು. ಬ್ಯಾಟರಿ ಪ್ರವಾಹವನ್ನು ಕೊಡುವಾಗ ಎರಡೂ ಬಗೆಯ ಫಲಕಗಳು ನಿಧಾನವಾಗಿ ಸೀಸದ ಸಲ್ಫೇಟಾಗಿ ಮಾರ್ಪಡುತ್ತವೆ, ಆಮ್ಲ ತೆಳುವಾಗುತ್ತದೆ. ತುಂಬುವಾಗ ಒಂದು ಫಲಕ ಮತ್ತೆ ಕಂದು ಬಣ್ಣದ ಸೀಸದ ಡೈಆಕ್ಸೈಡು, ಇನ್ನೊಂದು ಮತ್ತೆ ಬೂದುಬಣ್ಣದ ಸೀಸ. ಆಮ್ಲ ಮತ್ತೆ ಗಟ್ಟಿ. ಒಂದು ಕೋಶಕ್ಕೆ ಸುಮಾರು 2 ವೋಲ್ಟ್. ಆರು ಕೋಶಗಳನ್ನು ಜೋಡಿಸಿದರೆ ನಮಗೆಲ್ಲ ಪರಿಚಿತವಾದ 12 ವೋಲ್ಟಿನ ಬ್ಯಾಟರಿ. ಇಪ್ಪತ್ತನಾಲ್ಕನ್ನು ಜೋಡಿಸಿದರೆ ಟೆಲಿಫೋನ್ ಎಕ್ಸ್‌ಚೇಂಜಿನ 48 ವೋಲ್ಟ್.

ಇನ್ನು ಮೇಷ್ಟ್ರು ಹೇಳಿದ ತೇಲುವ ಮಾತು. ನಮ್ಮ ಕಡೆಯ ನೀರಾವರಿಯನ್ನು ಬಲ್ಲವರಿಗೆ ಅದನ್ನು ತಿಳಿಯಹೇಳುವುದು ಸುಲಭ. ಒಂದು ಕಾಲುವೆ ಗದ್ದೆಗಳಿಗೆ ನೀರು ಒಯ್ಯುತ್ತಿದೆ ಎನ್ನಿ. ಅದರ ಮಗ್ಗುಲಿಗೇ ಒಂದು ಕೆರೆ. ಕೆರೆಗೂ ಕಾಲುವೆಗೂ ನಡುವೆ ಬಾಗಿಲಿಲ್ಲದ ಒಂದು ಕಂಡಿ. ಕಾಲುವೆಯ ಮಟ್ಟ ಕೆರೆಯ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೆ ಸಾಕು. ಗದ್ದೆಗೆ ಬೇಕಾದ ನೀರನ್ನೆಲ್ಲ ಕಾಲುವೆಯೇ ಕೊಡುತ್ತದೆ. ಕೆರೆಯಲ್ಲಿ ಆರಿಹೋದಷ್ಟು ನೀರು ಮಾತ್ರ ಕಂಡಿಯೊಳಗಿಂದ ಜಿನುಗಿ ಸೇರುತ್ತದೆ. ಮೇಲಿನ ಅಣೆಕಟ್ಟಿನಲ್ಲಿ ನೀರು ನಿಂತಿತೋ, ಕಾಲುವೆಯ ಮಟ್ಟ ಇಳಿಯಿತು. ಇಳಿದ ಕ್ಷಣದಲ್ಲಿಯೇ ಕೆರೆಯ ನೀರು ಅದೇ ಕಂಡಿಯಿಂದ ಹಿಮ್ಮುಖವಾಗಿ ಹೊರಟು ಗದ್ದೆಯನ್ನು ಸೇರುತ್ತದೆ. ಯಾರೂ ಓಡಿಹೋಗಿ ತೂಬು ಎತ್ತಬೇಕಾಗಿಲ್ಲ. ಗದ್ದೆಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ನಮ್ಮ ಎಕ್ಸ್‌ಚೇಂಜಿನಲ್ಲಿ ನಡೆಯುತ್ತಿದ್ದುದು ಇದೇ. ಮಟ್ಟವೆಂದರೆ ವೋಲ್ಟೇಜು. ಪರ್ಯಾಯ ಪ್ರವಾಹವನ್ನು ಏಕಮುಖ ಪ್ರವಾಹವನ್ನಾಗಿಸುವ ರೆಕ್ಟಿಫೈಯರು ಪ್ರತಿ ಕೋಶಕ್ಕೂ 2.15 ವೋಲ್ಟಿನಂತೆ, ಒಟ್ಟು 51.6 ವೋಲ್ಟಿನಲ್ಲಿ ಮಟ್ಟವನ್ನು ಹಿಡಿದು ನಿಲ್ಲಿಸುತ್ತಿತ್ತು. ಊರಿನವರು ಮಾತನಾಡಲು ಬೇಕಾದ ಪ್ರವಾಹ ಅದರಿಂದಲೇ ಹೋಗುತ್ತಿತ್ತು. ಬ್ಯಾಟರಿ ಅದೇ ತಂತಿಗಳಿಗೆ ಅಂಟಿಕೊಂಡು, ಕೊಡದೆ ಕೊಳ್ಳದೆ, ತುಂಬಿದ ಕೆರೆಯಂತೆ ನಿಂತಿರುತ್ತಿತ್ತು. ಇದನ್ನೇ ಅವರು ತೇಲುವುದು ಎಂದದ್ದು. ಕರೆಂಟು ಹೋದ ಕ್ಷಣ, ಮಾತನಾಡುತ್ತಿದ್ದವನ ವಾಕ್ಯ ತುಂಡಾಗದಂತೆ, ಬ್ಯಾಟರಿ ಭಾರವನ್ನು ಹೊತ್ತುಕೊಳ್ಳುತ್ತಿತ್ತು.

ಆದರೆ ಮೇಷ್ಟ್ರು ಈ ಸೊಗಸನ್ನು ನಂಬಿ ಕುಳಿತವರಲ್ಲ. ಇಪ್ಪತ್ತನಾಲ್ಕು ಕೋಶಗಳಲ್ಲಿ ಒಂದನ್ನು ಅವರು ಪೈಲಟ್ ಕೋಶವೆಂದು ಗುರುತಿಸಿದ್ದರು. ದಿನವೂ ಬೆಳಗ್ಗೆ ಹೈಡ್ರೋಮೀಟರನ್ನು ಅದರಲ್ಲಿ ತೇಲಿಸಿ ಆಮ್ಲದ ಸಾಂದ್ರತೆಯನ್ನು ಓದಿ, ವೋಲ್ಟೇಜನ್ನೂ ಉಷ್ಣತೆಯನ್ನೂ ನೋಡಿ, ಒಂದು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆಯಬೇಕು. ನಿಯಮಿತ ದಿನಗಳಲ್ಲಿ ಎಲ್ಲ ಕೋಶಗಳ ಸರದಿ. ನೀರು ಇಳಿದಿದ್ದರೆ ಭಟ್ಟಿ ಇಳಿಸಿದ ನೀರು. ಒಮ್ಮೊಮ್ಮೆ ರೆಕ್ಟಿಫೈಯರನ್ನು ಬೇಕೆಂದೇ ನಿಲ್ಲಿಸಿ ಬ್ಯಾಟರಿಯ ಮೇಲೆಯೇ ಎಕ್ಸ್‌ಚೇಂಜನ್ನು ನಡೆಸಿ ನೋಡುತ್ತಿದ್ದರು. ನನಗೆ ಇದೆಲ್ಲ ಆಗ ಬೇಸರದ ಕೆಲಸವಾಗಿತ್ತು. ನಿನ್ನೆ ಬರೆದ ಅಂಕಿಯನ್ನೇ ಇಂದೂ ಬರೆಯುವುದರಲ್ಲಿ ಏನಿದೆ ಎಂದು ಒಮ್ಮೆ ಗೊಣಗಿದ್ದೆ. "ನಿನ್ನೆಯ ಅಂಕಿಯೇ ಇವತ್ತೂ ಬಂತಲ್ಲ, ಅದೇ ಸಮಾಚಾರ" ಎಂದು ಹೇಳಿ ಅವರು ಪುಟ ತಿರುವಿದರು.

2012ರಲ್ಲಿ ನಾನು ನಿವೃತ್ತನಾದೆ. ಮರುವರ್ಷ ನನ್ನ ತಂದೆಗೆ ಪಾರ್ಶ್ವವಾಯುವಾಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು. ಮಾತು ಉಳಿದಿತ್ತು, ಆದರೆ ದನಿ ಕುಗ್ಗಿಹೋಗಿ ಪಕ್ಕದ ಕೋಣೆಗೂ ಕೇಳಿಸದಷ್ಟಾಗಿತ್ತು. ಅವರ ಮಂಚವನ್ನು ಹಜಾರದಲ್ಲಿ ಹಾಕಿದೆವು. ನಾವು ಮಲಗುತ್ತಿದ್ದುದು ಮಹಡಿಯ ಮೇಲೆ. ರಾತ್ರಿ ಅವರಿಗೆ ಬಾಯಾರಿದರೆ, ಮಗ್ಗುಲಾಗಬೇಕಾದರೆ ನಮ್ಮನ್ನು ಕರೆಯುವುದು ಹೇಗೆ? ನಾನು ಒಂದು ಕರೆಗಂಟೆಯನ್ನು ಮಾಡಿದೆ. ಅವರ ಎಡಗೈಗೆ ಸಿಗುವಂತೆ ಒಂದು ಗುಂಡಿ, ತಲೆಯ ಬಳಿ ರಾತ್ರಿಯೆಲ್ಲ ಉರಿಯುವ ಒಂದು ಮಂದ ದೀಪ, ಮಹಡಿಯ ಮೇಲೆ ಗಂಟೆ, ಇವುಗಳನ್ನು ನಡೆಸುವ ಒಂದು ಸಣ್ಣ ಸರ್ಕಿಟ್ಟು. ಎಲ್ಲ ಸೇರಿ ಸದಾಕಾಲ ಎಳೆಯುತ್ತಿದ್ದ ಪ್ರವಾಹ 0.3 ಆಂಪಿಯರ್. ಮಲೆನಾಡಿನ ಮಳೆಗಾಲದ ಕರೆಂಟನ್ನು ನಾನು ಬಲ್ಲೆನಾದ್ದರಿಂದ 12 ವೋಲ್ಟಿನ, 7 ಆಂಪಿಯರ್-ಗಂಟೆಯ, ಮುಚ್ಚಿದ ಮಾದರಿಯ ಒಂದು ಸೀಸದ ಬ್ಯಾಟರಿಯನ್ನು ಅದಕ್ಕೆ ಬೆಂಬಲವಾಗಿ ತಂದೆ. ಲೆಕ್ಕದ ಪ್ರಕಾರ ಕರೆಂಟು ಹೋದರೂ ಇಪ್ಪತ್ತು ಗಂಟೆಗಳ ಕಾಲ ನಡೆಯಬೇಕು.

ಈಗ ಜೋಡಿಸುವ ಬಗೆ. ಅದಕ್ಕೆ ಮೂರು ದಾರಿಗಳಿವೆ. ಮೊದಲನೆಯದು ರಿಲೇ: ಕರೆಂಟಿರುವಾಗ ಸರ್ಕಿಟ್ಟು ಒಂದು ಅಡಾಪ್ಟರಿನ ಮೇಲೆ ನಡೆಯುತ್ತದೆ, ಬ್ಯಾಟರಿ ಬೇರೆಯಾಗಿ ತನ್ನ ಪಾಡಿಗೆ ತುಂಬಿಕೊಳ್ಳುತ್ತದೆ; ಕರೆಂಟು ಹೋದಾಗ ಒಂದು ವಿದ್ಯುತ್ಕಾಂತದ ನಾಲಗೆ ಬಿದ್ದು ಸರ್ಕಿಟ್ಟನ್ನು ಬ್ಯಾಟರಿಗೆ ತಗುಲಿಸುತ್ತದೆ. ನಾಲಗೆ ಬೀಳುವ ಕೆಲವು ಮಿಲಿಸೆಕೆಂಡುಗಳ ಅಂತರ ಗಂಟೆಗೆ ಲೆಕ್ಕಕ್ಕಿಲ್ಲ. ನೆನಪಿಟ್ಟುಕೊಳ್ಳಬೇಕಾದ ಯಂತ್ರಗಳಿಗೆ ಅದೇ ವಿಸ್ಮೃತಿಯಾಗಬಹುದು. ಎರಡನೆಯದು ಎರಡು ಡಯೋಡುಗಳ ದಾರಿ: ಡಯೋಡೆಂದರೆ ಒಂದೇ ಕಡೆಗೆ ತೆರೆಯುವ ಬಾಗಿಲು. ಅಡಾಪ್ಟರಿನಿಂದ ಒಂದು, ಬ್ಯಾಟರಿಯಿಂದ ಒಂದು; ಯಾವುದರ ಮಟ್ಟ ಹೆಚ್ಚೋ ಅದರ ಬಾಗಿಲು ತೆರೆದಿರುತ್ತದೆ. ಬಾಗಿಲು ದಾಟುವ ಸುಂಕವಾಗಿ ಅರ್ಧ ವೋಲ್ಟಿಗಿಂತ ತುಸು ಹೆಚ್ಚು ನಷ್ಟ. ಮೂರನೆಯದು ಮೇಷ್ಟ್ರ ದಾರಿ: ಮೂಲ, ಸರ್ಕಿಟ್ಟು, ಬ್ಯಾಟರಿ ಮೂರನ್ನೂ ಒಂದೇ ಜೋಡಿ ತಂತಿಗೆ ಸೇರಿಸಿ ಬ್ಯಾಟರಿಯನ್ನು ತೇಲಿಬಿಡುವುದು.

ಮೂವತ್ತೆಂಟು ವರ್ಷ ಎಕ್ಸ್‌ಚೇಂಜಿನಲ್ಲಿ ದುಡಿದವನು ಮೂರನೆಯದನ್ನಲ್ಲದೆ ಬೇರೆ ಯಾವುದನ್ನು ಆರಿಸಿಯಾನು? ಒಂದು ಮಾತ್ರ ಬದಲಾಯಿಸಿದೆ. ಪೇಟೆಯಲ್ಲಿ ಹೊಸ ಬಗೆಯ ಸ್ವಯಂಚಾಲಿತ ಚಾರ್ಜರುಗಳು ಬಂದಿದ್ದವು. ಬ್ಯಾಟರಿ ಬರಿದಾಗಿದ್ದರೆ ಬಿರುಸಾಗಿ ತುಂಬುತ್ತವೆ, ತುಂಬಿದ ಮೇಲೆ ತಾವಾಗಿಯೇ ಮಟ್ಟ ಇಳಿಸಿಕೊಳ್ಳುತ್ತವೆ. ತುಂಬುವಾಗ ಕೆಂಪು ದೀಪ, ತುಂಬಿದ ಮೇಲೆ ಹಸಿರು ದೀಪ. ಅಂಥದೊಂದನ್ನು ತಂದು ಜೋಡಿಸಿದೆ. ಗುಂಡಿ ಒತ್ತಿದರೆ ಗಂಟೆ ಬಾರಿಸಿತು. ಪ್ಲಗ್ಗು ಕಿತ್ತೆ, ಆಗಲೂ ಬಾರಿಸಿತು. ತಂದೆ ಎಡಗೈಯಿಂದ ನಾಲ್ಕೈದು ಸಲ ಒತ್ತಿ ಮಗುವಿನಂತೆ ನಕ್ಕರು. ಆ ದಿನದ ಬಳಿಕ ನಾನು ಅತ್ತ ನೋಡಲಿಲ್ಲ. ಚಾರ್ಜರಿನ ಮೇಲೆ ಕೆಂಪು ದೀಪ ಉರಿಯುತ್ತಿತ್ತು, ತಿಂಗಳುಗಟ್ಟಲೆ ಉರಿಯುತ್ತಲೇ ಇತ್ತು. ಎಂದೂ ಹಸಿರಾಗಲಿಲ್ಲ. ದೀಪ ಉರಿಯುತ್ತಿದೆ, ಕೆಲಸ ನಡೆಯುತ್ತಿದೆ ಎಂದುಕೊಂಡೆ.

2014ರ ಆಷಾಢ. ಒಂದು ರಾತ್ರಿ ಒಂದು ಗಂಟೆಯ ಸುಮಾರಿಗೆ ಗಾಳಿಯೆದ್ದು ಕರೆಂಟು ಹೋದದ್ದು ನನಗೆ ನಿದ್ದೆಗಣ್ಣಿನಲ್ಲಿ ತಿಳಿಯಿತು. ಬ್ಯಾಟರಿ ಇದೆಯಲ್ಲ ಎಂದು ಹೊದಿಕೆಯೆಳೆದುಕೊಂಡೆ. ಬೆಳಗ್ಗೆ ಆರಕ್ಕೆ ಇಳಿದು ಬಂದಾಗ ತಂದೆ ಕಣ್ಣು ತೆರೆದು ಮಲಗಿದ್ದರು. ತಲೆಯ ಬಳಿಯ ದೀಪ ಆರಿತ್ತು. ಗುಂಡಿ ಅವರ ಎಡಗೈಯ ಮುಷ್ಟಿಯಲ್ಲಿತ್ತು; ಹೆಬ್ಬೆರಳು ಇನ್ನೂ ಅದರ ಮೇಲೆಯೇ ಇತ್ತು. ಮೂರು ಗಂಟೆ ಹೊಡೆದಾಗ ಬಾಯಾರಿಕೆಯಾಗಿ ಒತ್ತಿದರಂತೆ. ಅನಂತರ ಆಗಾಗ ಒತ್ತುತ್ತಲೇ ಇದ್ದರಂತೆ. ನಾನು ನೀರು ಕುಡಿಸಿದೆ. ಏನು ಹೇಳಬೇಕೆಂದು ತೋಚದೆ ನಿಂತೆ. ಅವರೇ ಹೇಳಿದರು: "ಕರೆಂಟಿರಲಿಲ್ವಲ್ಲೋ, ನೀನೇನು ಮಾಡ್ತೀಯ."

ಶ್ರೋತೃಗಳೇ, ಅವರು ನನ್ನನ್ನು ಸಮಾಧಾನಪಡಿಸಲು ಆಡಿದ ಮಾತದು. ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಕರೆಂಟಿಲ್ಲದಾಗ ಏನು ಮಾಡಬೇಕೆಂಬುದೊಂದೇ ನನ್ನ ಜೀವಮಾನದ ಉದ್ಯೋಗವಾಗಿತ್ತು.

ಅಂದು ಬೆಳಗ್ಗೆ ಬ್ಯಾಟರಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟು ಪರೀಕ್ಷಿಸಿದೆ. ಪೆಟ್ಟಿಗೆಯ ಪಕ್ಕೆಗಳು ಕೊಂಚ ಉಬ್ಬಿದ್ದವು. ಚಾರ್ಜರಿಗೆ ತಗುಲಿಸಿದರೆ ಮೀಟರು ತಕ್ಷಣ 14 ವೋಲ್ಟಿನ ಮೇಲಕ್ಕೆ ಜಿಗಿಯುತ್ತಿತ್ತು. ಚಾರ್ಜರನ್ನು ತೆಗೆದು ಆ ಸಣ್ಣ ದೀಪವನ್ನು ಹಚ್ಚಿದರೆ ಕೆಲವೇ ನಿಮಿಷಗಳಲ್ಲಿ ಕುಸಿಯುತ್ತಿತ್ತು. ಒಳಗೆ ನೀರು ಒಣಗಿಹೋಗಿತ್ತು. ಇಪ್ಪತ್ತು ಗಂಟೆ ನಡೆಯಬೇಕಾದದ್ದು ಇಪ್ಪತ್ತು ನಿಮಿಷವೂ ನಡೆಯುವಂತಿರಲಿಲ್ಲ. ಬ್ಯಾಟರಿ ಹಳೆಯದಲ್ಲ; ವರ್ಷವೂ ತುಂಬಿರಲಿಲ್ಲ. ಅದನ್ನು ಕೊಂದವನು ಯಾರು?

ಮತ್ತೆ ಕೆರೆಯ ಬಳಿಗೆ ಹೋಗೋಣ. ಆ ಹೊಸ ಚಾರ್ಜರನ್ನು ಒಬ್ಬ ಜಾಣ ನೀರುಗಂಟಿ ಎಂದು ಭಾವಿಸಿ. ಅವನು ಕೆರೆಯ ಬಳಿ ಬರುವುದಿಲ್ಲ. ಮೇಲೆ ಕಾಲುವೆಯ ಬಾಯಲ್ಲೇ ಕುಳಿತಿರುತ್ತಾನೆ. ಕೆರೆ ಬೇಗ ತುಂಬಲೆಂದು ಮಟ್ಟವನ್ನು 14.4 ವೋಲ್ಟಿಗೆ ಏರಿಸಿ ನೀರು ಬಿಡುತ್ತಾನೆ. ಕೆರೆ ತುಂಬಿತೆಂದು ತಿಳಿಯುವುದು ಹೇಗೆ? ಹರಿವನ್ನು ನೋಡಿ. ಕೆರೆ ತುಂಬುತ್ತ ಬಂದಂತೆ ಹರಿವು ತಾನಾಗಿ ಕುಗ್ಗುತ್ತದೆ. 0.2 ಆಂಪಿಯರಿಗಿಂತ ಕೆಳಗಿಳಿದರೆ "ಸರಿ, ತುಂಬಿತು" ಎಂದು ಮಟ್ಟವನ್ನು ಇಳಿಸಿ ಹಸಿರು ದೀಪ ಹಚ್ಚಬೇಕು; ಇದು ಅವನಿಗೆ ಕೊಟ್ಟ ಅಪ್ಪಣೆ. ಕೆರೆಯೊಂದೇ ಇದ್ದರೆ ಈ ಅಪ್ಪಣೆ ಸರಿಯಾದದ್ದೇ. ಆದರೆ ನಾನು ಅದೇ ಕಾಲುವೆಗೆ ಒಂದು ಗದ್ದೆಯನ್ನೂ ಕಟ್ಟಿದ್ದೆ. ಆ ಗದ್ದೆ, ಅಂದರೆ ತಂದೆಯ ದೀಪ ಮತ್ತು ಗಂಟೆ, ಹಗಲಿರುಳೂ 0.3 ಆಂಪಿಯರನ್ನು ಎಳೆಯುತ್ತಲೇ ಇತ್ತು. ಕೆರೆ ತುಂಬಿ ತುಳುಕಿದರೂ ಹರಿವು 0.3ಕ್ಕಿಂತ ಕೆಳಗೆ ಇಳಿಯುವಂತೆಯೇ ಇರಲಿಲ್ಲ. ಹರಿಯುವ ನೀರಿನಲ್ಲಿ ಗದ್ದೆಗೆಷ್ಟು, ಕೆರೆಗೆಷ್ಟು ಎಂದು ಮೇಲೆ ಕುಳಿತ ನೀರುಗಂಟಿಗೆ ತಿಳಿಯುವುದೆಂತು? ಅವನು ಪಾಪ, ಕೆರೆ ಇನ್ನೂ ತುಂಬಿಲ್ಲವೆಂದು ನಂಬಿ ಎತ್ತರದ ಮಟ್ಟವನ್ನು ಹಿಡಿದೇ ಇದ್ದ. ತಿಂಗಳುಗಟ್ಟಲೆ.

ತುಂಬಿದ ಬ್ಯಾಟರಿಯನ್ನು ಆ ಮಟ್ಟದಲ್ಲಿ ಹಿಡಿದರೆ, ಪರಿವರ್ತಿಸಲು ಸಲ್ಫೇಟು ಉಳಿಯದೆ, ಬಂದ ಪ್ರವಾಹ ನೀರನ್ನೇ ಒಡೆಯತೊಡಗುತ್ತದೆ. ಜಲಜನಕ ಒಂದು ಕಡೆ, ಆಮ್ಲಜನಕ ಒಂದು ಕಡೆ. ಎಕ್ಸ್‌ಚೇಂಜಿನ ಗಾಜಿನ ತೊಟ್ಟಿಯಾಗಿದ್ದರೆ ಗುಳ್ಳೆಗಳು ಕಾಣುತ್ತಿದ್ದವು, ಇಳಿದ ನೀರನ್ನು ತುಂಬಬಹುದಾಗಿತ್ತು. ಮುಚ್ಚಿದ ಪೆಟ್ಟಿಗೆಯಲ್ಲಿ ಹುಟ್ಟಿದ ಆಮ್ಲಜನಕದ ಬಹುಭಾಗ ಒಳಗೇ ಮರಳಿ ನೀರಾಗುವ ಏರ್ಪಾಡಿದೆ. ಅದರ ಮಿತಿ ಮೀರಿದಾಗ ಅನಿಲ ಕವಾಟವನ್ನು ತಳ್ಳಿಕೊಂಡು ಹೊರಟುಹೋಗುತ್ತದೆ. ಹೋದ ನೀರನ್ನು ಮತ್ತೆ ತುಂಬಲು ಬಾಯಿಯಿಲ್ಲ. ಜೊತೆಗೆ ಕಂದು ಫಲಕದ ಒಳಗಿನ ಸೀಸದ ಜಾಲರಿ ತುಕ್ಕುಹಿಡಿದು ಸವೆಯುತ್ತದೆ. ಹೊರಗಿನಿಂದ ನೋಡುವವನಿಗೆ ಏನೂ ಕಾಣದು. ಮೀಟರು ಹಿಡಿದರೂ ಕಾಣದು. ಕರೆಂಟಿರುವಾಗ ಬ್ಯಾಟರಿಯ ತುದಿಗಳಲ್ಲಿ ಮೀಟರು ತೋರಿಸುವುದು ಚಾರ್ಜರಿನ ಮಟ್ಟವನ್ನು. ಬ್ಯಾಟರಿ ಸತ್ತಿದ್ದರೂ ಅದು ಅಷ್ಟನ್ನೇ ತೋರಿಸುತ್ತದೆ.

ಹಾಗಾದರೆ ಮಟ್ಟವನ್ನು ತಗ್ಗಿಸಿಬಿಟ್ಟರಾಯಿತಲ್ಲ ಎನ್ನಬಹುದು. ಅಲ್ಲಿಯೂ ಅಪಾಯವಿದೆ. ಬ್ಯಾಟರಿ ಸುಮ್ಮನೆ ಕುಳಿತಿದ್ದರೂ ಒಳಗೊಳಗೇ ತುಸುತುಸು ಬರಿದಾಗುತ್ತಿರುತ್ತದೆ. ಆ ಸೋರಿಕೆಯನ್ನು ತುಂಬುವಷ್ಟಾದರೂ ಮಟ್ಟ ಇರದಿದ್ದರೆ ಫಲಕಗಳ ಮೇಲೆ ಉಳಿದ ಸಲ್ಫೇಟು ಕಾಲಕ್ರಮದಲ್ಲಿ ಗಟ್ಟಿ ಹರಳುಗಟ್ಟಿ, ಮುಂದೆ ಎಷ್ಟು ತುಂಬಿದರೂ ಕರಗದಂತಾಗುತ್ತದೆ. ಒಂದು ಕಡೆ ಹೊಟ್ಟೆಬಿರಿಯ ಉಣಿಸಿ ಕೊಲ್ಲುವುದು, ಇನ್ನೊಂದು ಕಡೆ ಅರೆಹೊಟ್ಟೆಯಲ್ಲಿಟ್ಟು ಕೊಲ್ಲುವುದು. ಈ ಎರಡರ ನಡುವಿನ ಓಣಿ ಬಹಳ ಕಿರಿದು. ಸಾಮಾನ್ಯವಾಗಿ ಮುಚ್ಚಿದ 12 ವೋಲ್ಟಿನ ಬ್ಯಾಟರಿಗೆ 25 ಡಿಗ್ರಿ ಉಷ್ಣತೆಯಲ್ಲಿ 13.5ರಿಂದ 13.8 ವೋಲ್ಟ್. ಉಷ್ಣತೆ ಏರಿದರೆ ಈ ಓಣಿಯೂ ಕೆಳಕ್ಕೆ ಸರಿಯುತ್ತದೆ, ಒಂದೊಂದು ಡಿಗ್ರಿಗೆ ಸುಮಾರು 0.02 ವೋಲ್ಟಿನಂತೆ. ರಾಯಚೂರಿನ ಬೇಸಗೆಯಲ್ಲಿ 40 ಡಿಗ್ರಿಯ ಕೋಣೆಯಲ್ಲಿಟ್ಟ ಬ್ಯಾಟರಿಗೆ ಹೆಚ್ಚುಕಡಿಮೆ 0.3 ವೋಲ್ಟ್ ಕಡಿಮೆ ಸಾಕು. ಮಟ್ಟ ಸರಿಯಾಗಿದ್ದರೂ ಸೆಕೆ ತಾನೇ ಬೇರೆಯಾಗಿ ಆಯುಸ್ಸನ್ನು ತಿನ್ನುತ್ತದೆ. ಎಂಟು ಹತ್ತು ಡಿಗ್ರಿ ಏರಿದರೆ ಬಾಳಿಕೆ ಅರ್ಧಕ್ಕಿಳಿಯುತ್ತದೆಂಬುದು ಈ ವೃತ್ತಿಯವರ ಸ್ಥೂಲ ಲೆಕ್ಕ. ಅಟ್ಟದ ಮೇಲೆ, ಹಂಚಿನ ಕೆಳಗೆ, ಫ್ರಿಜ್ಜಿನ ಹಿಂದೆ ಬ್ಯಾಟರಿಯನ್ನು ತಳ್ಳುವವರು ಇದನ್ನು ನೆನೆಯಬೇಕು.

ಹೊಸ ಬ್ಯಾಟರಿಯನ್ನು ತಂದಾಗ ನಾನು ಜಾಣ ನೀರುಗಂಟಿಯನ್ನು ಬಿಟ್ಟು ಒಬ್ಬ ದಡ್ಡ ಆದರೆ ಸ್ಥಿರಬುದ್ಧಿಯ ನೀರುಗಂಟಿಯನ್ನು ನೇಮಿಸಿದೆ. ಅಂದರೆ, ಯಾವ ಹೊತ್ತಿನಲ್ಲಿಯೂ 13.6 ವೋಲ್ಟಿಗಿಂತ ಮೇಲೆ ಏರದ, 1 ಆಂಪಿಯರಿಗಿಂತ ಹೆಚ್ಚು ಕೊಡದ ಒಂದು ಸಾದಾ ನಿಯಂತ್ರಕ. ಲೆಕ್ಕ ಹೀಗೆ: ಸರ್ಕಿಟ್ಟಿಗೆ 0.3 ಆಂಪಿಯರ್, ಬ್ಯಾಟರಿಗೆ ಅದರ ಸಾಮರ್ಥ್ಯದ ಹತ್ತರಲ್ಲೊಂದು ಪಾಲು, 0.7 ಆಂಪಿಯರ್, ಒಟ್ಟು 1. ಇಲ್ಲಿ ಜಿಪುಣತನ ಮಾಡಿ 0.3 ಆಂಪಿಯರ್ ಮಾತ್ರ ಕೊಡಬಲ್ಲ ಅಡಾಪ್ಟರನ್ನು ಹಾಕಿದರೆ ಗದ್ದೆಯೇ ಎಲ್ಲವನ್ನೂ ಕುಡಿದು ಕೆರೆಗೆ ಹನಿಯೂ ಸೇರದು. ಇದೂ ಪದೇ ಪದೇ ಕಾಣುವ ತಪ್ಪು. ಪ್ರವಾಹದ ಪಾಲುಗಳನ್ನು ಯಾರೂ ಹಂಚಬೇಕಾಗಿಲ್ಲ. ಸರ್ಕಿಟ್ಟು ತನಗೆ ಬೇಕಾದಷ್ಟನ್ನು ಎಳೆಯುತ್ತದೆ, ಉಳಿದದ್ದು ಬ್ಯಾಟರಿಗೆ, ಬ್ಯಾಟರಿ ತುಂಬಿದಂತೆ ತಾನೇ ಬೇಡವೆನ್ನುತ್ತದೆ. ತೀರ ಬರಿದಾದ ಬ್ಯಾಟರಿ ಮತ್ತೆ ತುಂಬಲು ಒಂದು ಹಗಲು ಒಂದು ರಾತ್ರಿ ಹಿಡಿದೀತು. ಅವಸರವಿಲ್ಲದವರಿಗೆ ಇದು ಒಳ್ಳೆಯ ದಾರಿ. ಬೇಗ ತುಂಬಲೇಬೇಕೆನ್ನುವವರು ಜಾಣ ಚಾರ್ಜರನ್ನು ಬ್ಯಾಟರಿಗೆ ಮಾತ್ರ ಕಟ್ಟಿ, ಸರ್ಕಿಟ್ಟನ್ನು ಡಯೋಡು ಅಥವಾ ರಿಲೇಯ ಮೂಲಕ ಬೇರೆ ಇಡಬೇಕು.

ಇನ್ನು ನಾಲ್ಕು ಸಣ್ಣ ಎಚ್ಚರಿಕೆಗಳು. ಕರೆಂಟು ಹೋದಾಗ ಬ್ಯಾಟರಿಯ ಪ್ರವಾಹ ನಿಯಂತ್ರಕದೊಳಕ್ಕೆ ಹಿಮ್ಮುಖವಾಗಿ ಸೋರದಂತೆ ಒಂದು ಡಯೋಡು. ವೋಲ್ಟೇಜು 10.5ಕ್ಕೆ ಇಳಿಯುವ ಮೊದಲೇ ಸರ್ಕಿಟ್ಟನ್ನು ಕಳಚುವ ಒಂದು ಏರ್ಪಾಡು, ಏಕೆಂದರೆ ತಳ ಕಾಣುವವರೆಗೆ ಬರಿದು ಮಾಡಿದ ಸೀಸದ ಬ್ಯಾಟರಿ ಮತ್ತೆ ಮೊದಲಿನಂತಾಗದು. ಬ್ಯಾಟರಿಯ ತುದಿಗೆ ತೀರ ಹತ್ತಿರದಲ್ಲಿ ಒಂದು ಫ್ಯೂಸು. ಮಂದ ದೀಪವನ್ನು ಉರಿಸುವ ಆ ಪೆಟ್ಟಿಗೆಯೇ ತಂತಿಗಳು ತಾಗಿಕೊಂಡರೆ ಅವನ್ನು ಕೆಂಪಗೆ ಕಾಯಿಸಬಲ್ಲದು. ಕೊನೆಯದಾಗಿ, ಜಲಜನಕ ಚದುರಿಹೋಗಲು ಗಾಳಿಯಾಡುವ ಜಾಗ. ಮೇಷ್ಟ್ರು ನನ್ನ ಜೇಬು ತಡವಿದ್ದರ ಕಾರಣ ಅದೇ.

ಇಷ್ಟೆಲ್ಲ ಆದ ಮೇಲೂ ನನಗೆ ಧೈರ್ಯ ಬರಲಿಲ್ಲ. ತಪ್ಪು ಚಾರ್ಜರಿನದು ಮಾತ್ರ ಆಗಿದ್ದರೆ ಅದನ್ನು ಬದಲಾಯಿಸಿದ್ದರಿಂದ ಮುಗಿಯುತ್ತಿತ್ತು. ಇಪ್ಪತ್ತನಾಲ್ಕು ಕೋಶಗಳ ಲೆಕ್ಕವನ್ನು ವರ್ಷಗಟ್ಟಲೆ ಬರೆದವನು ಮನೆಯಲ್ಲಿದ್ದ ಒಂದೇ ಒಂದು ಪೆಟ್ಟಿಗೆಯನ್ನು ನೋಡಲಿಲ್ಲವಲ್ಲ, ಆ ತಪ್ಪಿಗೆ ಯಾವ ನಿಯಂತ್ರಕವಿದೆ? ಹಳೆಯ ಮಗ್ಗಿಪುಸ್ತಕದಂಥ ಒಂದು ನೋಟುಬುಕ್ಕನ್ನು ತಂದು ತಂದೆಯ ದಿಂಬಿನ ಬಳಿ ಇಟ್ಟೆ. ತಿಂಗಳ ಮೊದಲ ಭಾನುವಾರ ಬೆಳಗಿನ ಕಾಫಿಯಾದ ಮೇಲೆ ಪ್ಲಗ್ಗನ್ನು ಕೀಳುವುದು. ಅರ್ಧ ಗಂಟೆ ಎಲ್ಲವೂ ಬ್ಯಾಟರಿಯ ಮೇಲೆಯೇ ನಡೆಯಬೇಕು. ಆಮೇಲೆ, ಕರೆಂಟಿಲ್ಲದಿರುವಾಗಲೇ, ವೋಲ್ಟೇಜನ್ನು ಓದುವುದು. 12.5ಕ್ಕಿಂತ ಮೇಲಿದ್ದರೆ ನಮ್ಮ ಬ್ಯಾಟರಿ ಆರೋಗ್ಯವಾಗಿದೆಯೆಂದು ಅರ್ಥ. ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬಂದರೆ ಹೊಸದನ್ನು ತರುವ ಕಾಲ ಬಂತೆಂದು ಅರ್ಥ.

ಈ ಕೆಲಸವನ್ನು ತಂದೆ ತಮ್ಮದಾಗಿ ಮಾಡಿಕೊಂಡರು. ಭಾನುವಾರ ನಾನು ಮರೆತರೂ ಅವರು ಮರೆಯುತ್ತಿರಲಿಲ್ಲ. ಗುಂಡಿಯನ್ನು ತಾವೇ ಒತ್ತಿ ಮಹಡಿಯ ಗಂಟೆಗೆ ಕಿವಿಗೊಡುವರು. ನಾನು ಮೀಟರಿನ ಅಂಕಿಯನ್ನು ಓದಿ ಹೇಳಿದರೆ ಎಡಗೈಯಲ್ಲಿ ಪೆನ್ಸಿಲು ಹಿಡಿದು ಸೊಟ್ಟ ಅಕ್ಷರದಲ್ಲಿ ಬರೆದುಕೊಳ್ಳುವರು. ಒಂದು ಸಲ ನಾನು, "ಅಣ್ಣ, ಹೋದ ತಿಂಗಳಿನದೇ ಅಂಕಿ" ಎಂದಾಗ, "ಸದ್ಯ" ಎಂದರು. ನನಗೆ ಮೇಷ್ಟ್ರು ಪುಟ ತಿರುವಿದ್ದು ನೆನಪಾಯಿತು. ಆ ಬಳಿಕವೂ ಎಷ್ಟೋ ರಾತ್ರಿಗಳಲ್ಲಿ ಕರೆಂಟು ಹೋಯಿತು. ಅವರು ಕರೆದಾಗಲೆಲ್ಲ ಗಂಟೆ ಬಾರಿಸಿತು.

ತಂದೆ 2016ರ ಮಾಘದಲ್ಲಿ ತೀರಿಕೊಂಡರು. ನೋಟುಬುಕ್ಕಿನಲ್ಲಿ ಅವರ ಕೈಯ ಕೊನೆಯ ಅಂಕಿ 12.6. ಅದರ ಕೆಳಗಿನ ಅಂಕಿಗಳು ನನ್ನವು. ಗಂಟೆಯನ್ನು ಕಳಚಿಟ್ಟಿದ್ದೇನೆ, ಅದೇ ಏರ್ಪಾಡಿನ ಮೇಲೆ ಮಹಡಿಯ ಮೆಟ್ಟಿಲಿನ ದೀಪ ಉರಿಯುತ್ತದೆ. ಬ್ಯಾಟರಿಯನ್ನು ಆಮೇಲೆ ಬದಲಾಯಿಸಿದ್ದಾಯಿತು, ಅಂಕಿ ಇಳಿದದ್ದನ್ನು ನೋಡಿ, ಅದು ಕೈಕೊಡುವ ಮೊದಲೇ.

ತಮ್ಮಲ್ಲಿ ಅನೇಕರ ಮನೆಯ ಮೂಲೆಯಲ್ಲಿ ಯು.ಪಿ.ಎಸ್. ಪೆಟ್ಟಿಗೆಯೊಂದು ಕುಳಿತಿರಬಹುದು. ಅದರ ಮೇಲೂ ಒಂದು ದೀಪ ಉರಿಯುತ್ತಿರಬಹುದು. ದೀಪವನ್ನು ನೋಡಿ ತೃಪ್ತರಾಗಬೇಡಿ. ಬರುವ ಭಾನುವಾರ, ಮನೆಯವರೆಲ್ಲ ಎದ್ದಿರುವ ಹೊತ್ತಿನಲ್ಲಿ, ಅದಕ್ಕೆ ಬರುವ ಕರೆಂಟನ್ನು ತಾವೇ ಆರಿಸಿ ಅರ್ಧ ಗಂಟೆ ಕುಳಿತು ನೋಡಿ. ಅಂಕಿಯನ್ನು ಎಲ್ಲಾದರೂ ಬರೆದಿಡಿ.